ತೂಕ ಜಾಸ್ತಿ, ಸಾರ್

ನಮ್ಮ ಮನೆಯವರಿಗೆ ತಮಿಳು ಬರುವುದಿಲ್ಲ ಎಂದು ಯಾರಾದರೂ ಅಂದರೆ ಅವರಿಗೆ ಎಲ್ಲಿಲ್ಲದ ಕೋಪ. ಮದುವೆಗೆ ಮುಂಚಿನಿಂದಲೂ ಲಾರಿ ಓಡಿಸುತ್ತಿದ್ದಾರೆ. ಸೇಲಂ, ಮಧುರೈ, ತೂತ್ತುಕುಡಿ ಎಲ್ಲ ಸುತ್ತಿ ಬಂದವರು. ಎಲ್ಲೂ ದಾರಿ ತಪ್ಪಿಲ್ಲ, ಎಲ್ಲೂ ಉಪವಾಸ ಬಿದ್ದಿಲ್ಲ, ಇನ್ನೆಷ್ಟು ತಮಿಳು ಬರಬೇಕು ಎಂದು ಕೇಳುತ್ತಾರೆ. ಅವರು ಆಡುವುದು ಹೊಸೂರಿನ ತಮಿಳು. ಕನ್ನಡದ ಮಾತಿನ ಕೊನೆಗೆ ಒಂದು 'ಅಂ' ಅಂಟಿಸಿದರೆ ಅದು ತಮಿಳಾಗುತ್ತದೆ ಎನ್ನುವುದು ಅವರ ಸಿದ್ಧಾಂತ. ದೂರ ದೂರಂ ಆಗುತ್ತದೆ, ಕಷ್ಟ ಕಷ್ಟಂ ಆಗುತ್ತದೆ, ನಷ್ಟವೂ ನಷ್ಟಂ ಆಗುತ್ತದೆ. ಲಾರಿ ಓಡಿಸುವವರಿಗೆ ಈ ಮೂರು ಮಾತು ಬಂದರೆ ಮುಕ್ಕಾಲು ಕೆಲಸ ನಡೆದ ಹಾಗೆಯೇ.

ಅವರದು ಬೇರಿಕೆ ಕಡೆಯ ಹಳ್ಳಿ. ಕರ್ನಾಟಕದ ಗಡಿಗೆ ಅಂಟಿಕೊಂಡ ತಮಿಳುನಾಡಿನ ಊರು, ಕನ್ನಡ ಶಾಲೆಯಲ್ಲಿ ಓದಿದರು. ನನ್ನ ತವರು ರಾಯಕೋಟೆಯ ಪಕ್ಕ. ನಮ್ಮಲ್ಲಿ ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತಮಿಳು, ಹೊಲದಲ್ಲಿ ಕೂಲಿಯವರ ಜೊತೆ ತೆಲುಗು. ಹನ್ನೆರಡನೇ ತರಗತಿಯವರೆಗೆ ತಮಿಳಿನಲ್ಲೇ ಓದಿದ ನನಗೆ ಕನ್ನಡದ ಒಂದಕ್ಷರವೂ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ಇವರೇ ಕಲಿಸಿದರು. ಪಾಠಪುಸ್ತಕ ಇರಲಿಲ್ಲ, ಎದುರಿಗೆ ಬರುವ ಲಾರಿಗಳ ಹಣೆಯ ಮೇಲೆ ಬರೆದಿದ್ದನ್ನು ಓದಿಸಿ ಓದಿಸಿ ಕಲಿಸಿದರು. ಈಗ ನಾನು ಬರೆಯುವುದೆಲ್ಲ ಕನ್ನಡದಲ್ಲಿಯೇ. ಇಂದಿಗೂ ಒಮ್ಮೊಮ್ಮೆ 'ಬ' ಇರಬೇಕಾದ ಕಡೆ 'ಪ' ಬೀಳುತ್ತದೆ, ಅದನ್ನು ಹಿಡಿದುಕೊಂಡು ಅವರು ನನ್ನನ್ನು ಆಡಿಕೊಳ್ಳುತ್ತಾರೆ. ನಾನು ಅವರ ತಮಿಳನ್ನು ಆಡಿಕೊಳ್ಳುತ್ತೇನೆ. ಹೀಗೆ ಸಂಸಾರ ನಡೆದಿದೆ.

ನನಗೆ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಬೈಕುಗಳಿಗೆ ಬೇಕಾದ ತಗಡಿನ ಸಣ್ಣ ಭಾಗಗಳನ್ನು ಒತ್ತುವ ಪ್ರೆಸ್ಸು. ನನ್ನ ಮುಂದೆ ಎರಡು ಗುಂಡಿ ಇರುತ್ತವೆ. ಎರಡು ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮಿಷನ್ನು ಕೆಳಗಿಳಿಯುತ್ತದೆ. ಒಂದು ಕೈ ಮಿಷನ್ನಿನ ಬಾಯಲ್ಲಿ ಇರಬಾರದು ಅಂತ ಹಾಗೆ ಮಾಡಿದ್ದಾರೆ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಸೂಪರ್‌ವೈಸರ್ ಕೇಳುತ್ತಾರೆ: "ಎಲ್ಲಾರುಂ ನಲ್ಲಾ ತೂಂಗಿನೀಂಗಳಾ?" ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿದಿರಾ ಅಂತ. ಯಾರಿಗಾದರೂ 'ತೂಕ್ಕಂ' ಸಾಲದಿದ್ದರೆ, ಅಂದರೆ ನಿದ್ದೆ ಸಾಲದಿದ್ದರೆ, ಮಿಷನ್ ಬಿಡಿಸಿ ಪ್ಯಾಕಿಂಗಿಗೆ ಕಳಿಸುತ್ತಾರೆ. ಇಷ್ಟು ವರ್ಷ ಈ ಪ್ರಶ್ನೆಗೆ ನಾವೆಲ್ಲ ಒಂದೇ ದನಿಯಲ್ಲಿ "ಆಮಾ ಸಾರ್" ಎಂದು ಕೂಗಿದ್ದೇವೆ. ಅದರಲ್ಲಿ ಎಷ್ಟು ಸಲ ಸುಳ್ಳು ಕೂಗಿದೆವೋ, ಆದರೂ ಕೇಳುವವರೊಬ್ಬರು ಇದ್ದರು.

ಎರಡು ಗುಂಡಿ ಒತ್ತುವ ನನ್ನನ್ನು ಹೀಗೆ ದಿನಾ ಕೇಳುತ್ತಾರೆ. ಹೆದ್ದಾರಿಯಲ್ಲಿ ಬಂಡೆಗಲ್ಲು ಹೊತ್ತುಕೊಂಡು ಹೋಗುವ ನನ್ನ ಗಂಡನನ್ನು ನಾನು ಬಿಟ್ಟರೆ ಯಾರೂ ಕೇಳಿದ್ದಿಲ್ಲ.

ಆಗ ಅವರು ಓಡಿಸುತ್ತಿದ್ದುದು ಕೃಷ್ಣಗಿರಿ ಕಡೆಯ ಕ್ವಾರಿಗಳಿಂದ ಬೆಂಗಳೂರಿಗೆ ಗ್ರಾನೈಟ್ ಕಲ್ಲು ಹೊಡೆಯುವ ಲಾರಿ. ಕ್ವಾರಿಯಲ್ಲಿ ಕ್ರೇನು ಆಡುವುದು ಬೆಳಕಿರುವಾಗ. ಬೆಂಗಳೂರಿನೊಳಕ್ಕೆ ದೊಡ್ಡ ಗಾಡಿಗಳನ್ನು ಬಿಡುವುದು ಕತ್ತಲಾದ ಮೇಲೆ. ಎರಡಕ್ಕೂ ಕಾರಣ ಇದೆ, ಎರಡೂ ಒಳ್ಳೆಯದಕ್ಕೇ ಮಾಡಿದ್ದು. ಕತ್ತಲಲ್ಲಿ ಕಲ್ಲು ಎತ್ತಿದರೆ ಯಾರದಾದರೂ ಕಾಲ ಮೇಲೆ ಬೀಳುತ್ತದೆ. ಹಗಲಲ್ಲಿ ಲಾರಿ ಬಿಟ್ಟರೆ ಪಟ್ಟಣದ ರಸ್ತೆ ಕಟ್ಟಿಕೊಳ್ಳುತ್ತದೆ. ಆದರೆ ಹಗಲು ತುಂಬಿಸಿಕೊಂಡು ಇರುಳು ಇಳಿಸುವ ಮನುಷ್ಯ ಯಾವಾಗ ಮಲಗಬೇಕು ಎನ್ನುವುದನ್ನು ಬರೆಯಲು ಮರೆತಿದ್ದಾರೆ. ಬರೆದಿದ್ದಾರಂತೆ, ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಓಡಿಸಬಾರದು ಅಂತ ಎಲ್ಲೋ ಇದೆಯಂತೆ. ಅದನ್ನು ಓನರ್ ಹತ್ತಿರ ಹೇಳಿದ ಡ್ರೈವರನ್ನು ನಾನಂತೂ ನೋಡಿಲ್ಲ. ಹಿಂದೆ ದೂರದ ಗಾಡಿಗಳಿಗೆ ಇಬ್ಬರು ಡ್ರೈವರ್ ಇರಬೇಕಿತ್ತು, ಆಮೇಲೆ ಆ ನಿಯಮವನ್ನೂ ತೆಗೆದರು.

ಉಳಿದ ನಿಯಮಗಳು ಮಾತ್ರ ತಪ್ಪುವುದಿಲ್ಲ. ಖಾಕಿ ಅಂಗಿ ಹಾಕಿರಬೇಕು. ಚಿತ್ರಾನ್ನ ಕಟ್ಟಿಕೊಟ್ಟರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಿಸಿಯಾಗುವಂಥ ಕ್ಯಾಬಿನ್ನು, ಅದರೊಳಗೆ ದಪ್ಪ ಖಾಕಿ ಅಂಗಿ. ನಮ್ಮ ಮನೆಯವರು ಅದನ್ನು ಸೀಟಿನ ಹಿಂದೆ ನೇತುಹಾಕಿಕೊಂಡು, ಪೊಲೀಸರು ಕಂಡ ತಕ್ಷಣ ಒಂದು ಕೈ ಸ್ಟೇರಿಂಗಿನ ಮೇಲಿಟ್ಟು ಇನ್ನೊಂದು ಕೈಯನ್ನು ಅದರ ತೋಳಿಗೆ ತೂರಿಸುತ್ತಿದ್ದರು. ಆ ಸರ್ಕಸ್ಸಿನಲ್ಲಿ ಅಪಘಾತ ಆಗದೆ ಉಳಿದದ್ದೇ ದೊಡ್ಡದು. ಹಿಂಬದಿಗೆ ಹೊಳೆಯುವ ಪಟ್ಟಿ ಅಂಟಿಸಿರಬೇಕು, ಅದೂ ಇಂಥ ಕಂಪನಿಯದೇ ಆಗಿರಬೇಕು, ಅಂಟಿಸಿದ್ದಕ್ಕೆ ಚೀಟಿ ಇರಬೇಕು. ಅತ್ತಿಬೆಲೆ ದಾಟಿದರೆ ನಮ್ಮ ತಮಿಳುನಾಡಿನ ನಂಬರ್ ನೋಡಿ ಕರ್ನಾಟಕದ ಪೊಲೀಸರು ಕೈ ಅಡ್ಡ ಹಾಕುತ್ತಾರೆ, ಈ ಕಡೆ ಬಂದರೆ ಕನ್ನಡದ ಮಾತು ಕೇಳಿ ತಮಿಳುನಾಡಿನವರು ಹಾಕುತ್ತಾರೆ. ಕಂಬದ ಮೇಲಿನ ಕ್ಯಾಮೆರಾಕ್ಕೆ ಮಾತ್ರ ಭಾಷೆಯ ಭೇದವಿಲ್ಲ, ಅದು ಎಲ್ಲರಿಗೂ ಒಂದೇ ತರಹ ದಂಡ ಕಳಿಸುತ್ತದೆ.

ಆ ದಿನ ನನ್ನದು ಬೆಳಗಿನ ಶಿಫ್ಟು. ಊಟದ ಬಿಡುವಿನಲ್ಲಿ ಲಾಕರಿನಿಂದ ಫೋನ್ ತೆಗೆದಾಗ ಇವರ ನಂಬರಿನಿಂದ ಮೇಲಿಂದ ಮೇಲೆ ಕರೆ ಬಂದಿತ್ತು. ತಿರುಗಿ ಮಾಡಿದೆ.

"ಏನಾಗಿಲ್ಲ ಕಣೆ, ಗಾಬ್ರಿ ಬೀಳ್ಬೇಡ," ಅಂದರು. "ಸೂಳಗಿರಿ ತಾವ ಗಾಡಿ ಒಸಿ ತಾಗ್‌ಬುಟ್ಟಿದೆ. ಸ್ಟೇಷನ್ನಾಗಿದೀನಿ."

ಗಾಬರಿ ಬೀಳಬೇಡ ಎಂದು ಗಂಡ ಹೇಳಿದ ಮೇಲೆ ಗಾಬರಿ ಬೀಳದಿರುವ ಹೆಂಡತಿ ಇನ್ನೂ ಹುಟ್ಟಿಲ್ಲ. ಅರ್ಧ ದಿನದ ರಜೆ ಬರೆದುಕೊಟ್ಟು ಬಸ್ಸು ಹತ್ತಿದೆ. ಸೂಳಗಿರಿಯ ಹತ್ತಿರ ಹೆದ್ದಾರಿಯಲ್ಲಿ ಬಸ್ಸು ನಿಧಾನವಾದಾಗ ಕಿಟಕಿಯಿಂದ ಕೊತ್ತಂಬರಿ ಸೊಪ್ಪಿನ ವಾಸನೆ ಬಂತು. ಅಲ್ಲಿ ಕೊತ್ತಂಬರಿ ಸಂತೆ ಇದೆ, ವಾಸನೆ ಹೊಸದೇನಲ್ಲ. ಆದರೆ ಈ ಸಲ ರಸ್ತೆಯೇ ಹಸಿರಾಗಿತ್ತು. ಸೊಪ್ಪಿನ ಕಟ್ಟುಗಳು ಚಕ್ರಕ್ಕೆ ಸಿಕ್ಕಿ ಅರೆದು ಡಾಂಬರಿಗೆ ಮೆತ್ತಿಕೊಂಡಿದ್ದವು. ಪಕ್ಕದಲ್ಲಿ ಹಿಂಬದಿ ನಜ್ಜುಗುಜ್ಜಾದ ಒಂದು ಸಣ್ಣ ವ್ಯಾನು. ಅದರ ಹಿಂದೆ ನಮ್ಮ ಮನೆಯವರ ಲಾರಿ, ಮೇಲೆ ಕಲ್ಲು ಹಾಗೇ ಕೂತಿತ್ತು.

ವ್ಯಾನು ಓಡಿಸುತ್ತಿದ್ದವರಿಗೆ ಭುಜ ಉಳುಕಿ ಕೈಗೆ ಪಟ್ಟಿ ಕಟ್ಟಿದ್ದರು, ಅಷ್ಟೇ. ಸ್ಟೇಷನ್ನಿನ ಬೆಂಚಿನ ಮೇಲೆ ಅವರೂ ನಮ್ಮ ಮನೆಯವರೂ ಅಕ್ಕಪಕ್ಕ ಕೂತು ಟೀ ಕುಡಿಯುತ್ತಿದ್ದರು. ಅದನ್ನು ಕಂಡು ಜೀವ ಬಂದ ಹಾಗಾಯಿತು. ಇವರು ಖಾಕಿ ಅಂಗಿ ಹಾಕಿದ್ದರು, ಗುಂಡಿಗಳನ್ನು ಒಂದು ಮೇಲೆ ಒಂದು ಕೆಳಗೆ ತಪ್ಪಾಗಿ ಹಾಕಿಕೊಂಡಿದ್ದರು.

ಎಸ್‌ಐ ಚಿಕ್ಕ ವಯಸ್ಸಿನವರು. ಮಾತು ಕೇಳಿದರೇ ತೆಂಕಣ ಜಿಲ್ಲೆಯವರೆಂದು ಗೊತ್ತಾಗುತ್ತಿತ್ತು, ನಮ್ಮ ಕಡೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ನನ್ನನ್ನು ಮರ್ಯಾದೆಯಿಂದಲೇ ಕೂರಿಸಿದರು. ನಿಮ್ಮ ಯಜಮಾನರು ಒಳ್ಳೆಯ ಮನುಷ್ಯ ಅಮ್ಮ, ಸುಳ್ಳು ಹೇಳಲಿಲ್ಲ, ನಿದ್ದೆ ಬಂದುಬಿಟ್ಟಿತು ಅಂತ ತಾವಾಗಿಯೇ ಒಪ್ಪಿಕೊಂಡರು, ಎಂದು ತಮಿಳಿನಲ್ಲಿ ಹೇಳಿದರು. ಹೇಳಿಕೆ ಬರೆದು ಸಹಿಯೂ ಆಗಿದೆ, ಲೈಸೆನ್ಸನ್ನು ಆರ್‌ಟಿಒ ಆಫೀಸಿಗೆ ಕಳಿಸುತ್ತೇವೆ, ಮುಂದಿನದು ಅವರ ಕೈಯಲ್ಲಿ, ಅಂದರು.

ನಾನು ಇವರ ಕಡೆ ತಿರುಗಿದೆ. "ಏನ್ರೀ, ನಿದ್ದೆ ಬಂತು ಅಂತ ಹೇಳಿದ್ರಾ?"

"ನಾನಾ? ನಾನ್ಯಾಕೆ ಅಂಗೇಳ್ಲಿ?"

"ಮತ್ತೇನಂದ್ರಿ? ಅಂದಿದ್ದನ್ನ ಅಂದಂಗೇ ಹೇಳಿ."

"ಎನ್ನ ಆಚ್ಚು ಅಂದ್ರು. ತೂಕಂ ಜಾಸ್ತಿ ಸಾರ್, ಅದಾನ್ ನಿಕ್ಕಲೆ ಅಂದೆ. ತೂಕ್ಕಮಾ ಅಂತ ಇನ್ನೊಂದು ಕಿತ ಕೇಳಿದ್ರು. ಆಮಾ ಸಾರ್, ರೊಂಬ ತೂಕಂ ಅಂದೆ."

ನನಗೆ ನಗು ಬಂತು. ಸ್ಟೇಷನ್ನಿನಲ್ಲಿ ಕೂತು ನಕ್ಕೆ. ಮೂಲೆಯಲ್ಲಿ ಬರೆಯುತ್ತಿದ್ದ ಮಹಿಳಾ ಪೇದೆ ತಲೆ ಎತ್ತಿ ನೋಡಿದರು. ಇಷ್ಟು ವರ್ಷ ಬಾಲಕ್ಕೆ 'ಅಂ' ಅಂಟಿಸಿ ಗೆದ್ದುಕೊಂಡು ಬಂದವರು ಒಂದೇ ಒಂದು ಮಾತಿನಲ್ಲಿ ಸಿಕ್ಕಿಬಿದ್ದಿದ್ದರು. ನಮ್ಮ ಕನ್ನಡದಲ್ಲಿ ತೂಕ ಅಂದರೆ ಭಾರ. ತಮಿಳಿನಲ್ಲಿ ತೂಕ್ಕಂ ಅಂದರೆ ನಿದ್ದೆ. ಏನಾಯಿತು ಎಂದು ಕೇಳಿದ್ದಕ್ಕೆ ಲಾರಿಯ ಮೇಲೆ ಭಾರ ಹೆಚ್ಚಾಗಿತ್ತು, ಅದಕ್ಕೇ ಬ್ರೇಕಿಗೆ ನಿಲ್ಲಲಿಲ್ಲ ಅಂತ ಇವರು ಹೇಳಿದ್ದು. ನಿದ್ದೆ ಹೆಚ್ಚಾಯಿತು, ಅದಕ್ಕೇ ನಿಲ್ಲಿಸಲಿಲ್ಲ ಅಂತ ಅವರು ಕೇಳಿಸಿಕೊಂಡದ್ದು. ಹೊಸೂರಿನ ಪೇದೆ ಯಾರಾದರೂ ಅಲ್ಲಿದ್ದಿದ್ದರೆ ಅರ್ಥ ಮಾಡಿಕೊಳ್ಳುತ್ತಿದ್ದರು.

"ದಿನಾ ಲೋಡ್ ಲೋಡ್ ಅಂತ ಬಡ್ಕೊತೀರಲ್ಲ, ಅಲ್ಲೂ ಲೋಡ್ ಅಂದಿದ್ರೆ ಏನಾಗ್ತಿತ್ತು?" ಎಂದು ಕೇಳಿದೆ.

"ಆಫೀಸರ್ ಮುಂದೆ ಒಸಿ ಒಳ್ಳೆ ತಮಿಳು ಆಡಣ ಅಂತ," ಎಂದರು. ಅವರ ಮುಖ ನೋಡಿ ನನ್ನ ನಗು ನಿಂತುಹೋಯಿತು.

ಎಸ್‌ಐಗೆ ನಾನು ನನ್ನ ಶಾಲೆಯ ತಮಿಳಿನಲ್ಲಿ ಬಿಡಿಸಿ ಹೇಳಿದೆ. ಅವರೂ ಮುಗುಳ್ನಕ್ಕರು. ಆದರೆ ಬರೆದದ್ದು ಬರೆದಾಗಿತ್ತು. ಇದನ್ನೆಲ್ಲ ಆರ್‌ಟಿಒ ವಿಚಾರಣೆಯಲ್ಲಿ ಹೇಳಿ ಅಮ್ಮ, ಅಲ್ಲಿ ತಿದ್ದುತ್ತಾರೆ, ಎಂದು ಕಳಿಸಿದರು. ಅಲ್ಲಿಯವರೆಗೆ ಗಾಡಿ ಓಡಿಸಬಹುದು ಎಂದು ಲೈಸೆನ್ಸಿನ ಬದಲಿಗೆ ಒಂದು ಚೀಟಿ ಕೊಟ್ಟರು. ನಾವು ಹೊರಗೆ ಬರುವ ಹೊತ್ತಿಗೆ ಓನರ್ ಇನ್ನೊಂದು ಲಾರಿ ತರಿಸಿ, ಕ್ರೇನಿನಿಂದ ಅರ್ಧ ಕಲ್ಲನ್ನು ಅದಕ್ಕೆ ಸಾಗಿಸಿಬಿಟ್ಟಿದ್ದರು. ಕಲ್ಲು ತಡವಾದರೂ ಬೆಂಗಳೂರಿಗೆ ಹೋಯಿತು.

ಲೈಸೆನ್ಸು ಅಂದರೆ ನಮಗೆ ಏನು ಎಂದು ಹೇಳಬೇಕು. ಇವರಿಗೆ ಬೇರೆ ಕೆಲಸ ಬರುವುದಿಲ್ಲ ಎಂದಲ್ಲ. ಬೇರೆ ಕೆಲಸದಲ್ಲಿ ಇವರು ಇವರಾಗಿರುವುದಿಲ್ಲ. ಒಂದು ಸಲ ಬೆನ್ನುನೋವೆಂದು ಕೆಲವು ದಿನ ಮನೆಯಲ್ಲಿದ್ದಾಗ ಬಾಗಿಲಲ್ಲಿ ಕೂತು ಬೀದಿಯಲ್ಲಿ ಹಿಂದಕ್ಕೆ ತೆಗೆಯುವ ಪ್ರತಿಯೊಂದು ಗಾಡಿಗೂ "ಬಾ, ಬಾ, ಒಡಿ, ಬಲಕ್ಕೆ ಒಡಿ" ಎನ್ನುತ್ತಿದ್ದರು. ನಿದ್ದೆ ಮಾಡಿ ಗಾಡಿ ಗುದ್ದಿದವನು ಎಂಬ ಹೆಸರು ಬಂದರೆ ಯಾವ ಓನರೂ ಚಾವಿ ಕೊಡುವುದಿಲ್ಲ. ಡ್ರೈವರುಗಳ ನಡುವೆ ಕುಡುಕ ಎನ್ನಿಸಿಕೊಂಡರೂ ನಡೆಯುತ್ತದೆ, ತೂಕಡಿಸುವವನು ಎನ್ನಿಸಿಕೊಂಡರೆ ಮುಗಿಯಿತು. ಆ ಹೆಸರು ಇವರಿಗೆ ಬರಕೂಡದು ಎಂದು ನಾನು ಹಟ ಹಿಡಿದೆ.

ಒಂದು ಭಾನುವಾರ ಓನರ್ ನಮ್ಮ ಮನೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ಅವರೂ ಒಂದು ಕಾಲದಲ್ಲಿ ಡ್ರೈವರ್ ಆಗಿದ್ದವರೇ, ಸಾಲ ಮಾಡಿ ಗಾಡಿ ತಗೊಂಡವರು. ಹಣ್ಣು ತಂದಿದ್ದರು. ಕಾಫಿ ಮುಗಿಯುವವರೆಗೂ ಮಳೆ, ಡೀಸೆಲ್ಲು, ಟೋಲು ಎಂದು ಮಾತಾಡಿದರು.

ಆಮೇಲೆ ನನಗೇ ಹೇಳಿದರು: "ನೋಡಮ್ಮಾ, ಅದು ನಿದ್ದೆ ಅಂತ್ಲೇ ಇರ್ಲಿ ಬುಡು. ನಿದ್ದೆ ಅಂದ್ರೆ ಮನ್ಸನ್ ತಪ್ಪು, ಯಾರ್ಗಾದ್ರೂ ಆಯ್ತದೆ. ತೂಕ ಅಂತ ಬರೆಸ್ದ್ರೆ ನನ್ ಪರ್ಮಿಟ್ಟಿಗೇ ಕೈ ಹಾಕ್ತಾರೆ. ಗಾಡಿ ನಿಂತೋದ್ರೆ ನಾನೂ ಇಲ್ಲ, ನಿನ್ ಗಂಡಂಗೂ ಕೆಲ್ಸ ಇಲ್ಲ."

"ತೂಕ ಜಾಸ್ತಿ ಹಾಕ್ಸಿದ್ದು ಯಾರಣ್ಣ?" ಎಂದೆ.

"ನಾನೇ. ಅಷ್ಟು ಹಾಕ್ದಿದ್ರೆ ಬಾಡ್ಗೆ ಗಿಟ್ಟಲ್ಲಮ್ಮಾ. ಸರಿಯಾದ ತೂಕ ಹಾಕೋನ್ಗೆ ಲೋಡೇ ಕೊಡಲ್ಲ."

"ಹಂಗಾದ್ರೆ ಅದನ್ನ ನೀವೇ ಬಂದು ಹೇಳಿ."

ನಮ್ಮ ಮನೆಯವರು ನೆಲ ನೋಡುತ್ತಾ ಕೂತಿದ್ದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. ಲೋಟ ತೆಗೆದುಕೊಂಡು ಒಳಗೆ ಹೋದೆ, ಓನರ್ ಹೋಗುವಾಗ ಹೊರಗೆ ಬರಲಿಲ್ಲ. ಅವರು ಹೋದ ಮೇಲೆ ಇವರು ಅಡುಗೆಮನೆ ಬಾಗಿಲಿಗೆ ಬಂದು, "ಅಷ್ಟೊಂದು ಖಾರವಾಗಿ ಆಡ್ಬಾರ್ದಿತ್ತು ಕಣೆ," ಎಂದರು. ಖಾರ ನನ್ನ ಮಾತಿನಲ್ಲಿ ಇರದಿದ್ದರೆ ಈ ಮನೆಯಲ್ಲಿ ಇನ್ಯಾರ ಮಾತಿನಲ್ಲಿ ಇರಬೇಕು ಎಂದು ಕೇಳಿದೆ.

ವಿಚಾರಣೆಯ ದಿನ ನಾನು ರಜೆ ಹಾಕಿದೆ. ಇವರು ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಕಲ್ಲು ಇಳಿಸಿ, ಖಾಲಿ ಗಾಡಿಯನ್ನು ಶೆಡ್ಡಿನಲ್ಲಿ ಬಿಟ್ಟು, ಅಲ್ಲಿಂದ ನೇರವಾಗಿ ಆರ್‌ಟಿಒ ಆಫೀಸಿಗೆ ಬಂದರು. ನಾನು ಮನೆಯಿಂದ ಒಗೆದು ಇಸ್ತ್ರಿ ಮಾಡಿದ ಅಂಗಿ ಒಯ್ದಿದ್ದೆ. ಆಫೀಸಿನ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದು ಅದನ್ನು ಹಾಕಿಕೊಂಡರು. ನಮ್ಮ ಹಾಗೆಯೇ ಬಂದಿದ್ದ ಡ್ರೈವರುಗಳು ವರಾಂಡದ ಉದ್ದಕ್ಕೂ ಕೂತಿದ್ದರು. ಒಬ್ಬರು ಫೋನಿನಲ್ಲಿ ಮಾತಾಡಿದ್ದಕ್ಕೆ ಬಂದಿದ್ದರು. ಆ ಫೋನ್ ಮಾಡಿದ್ದು ಗಾಡಿ ಎಲ್ಲಿದೆ ಎಂದು ಕೇಳುವುದಕ್ಕೆ ಅವರ ಓನರೇ ಅಂತೆ. ಇನ್ನೊಬ್ಬರು ಕ್ವಾರಿಯ ಕೂಲಿಯವರನ್ನು ಲಾರಿಯಲ್ಲಿ ಹತ್ತಿಸಿಕೊಂಡಿದ್ದಕ್ಕೆ. ಎಲ್ಲರೂ ಅವರವರ ಕಥೆಯನ್ನು ಮನಸ್ಸಿನಲ್ಲೇ ತಾಲೀಮು ಮಾಡುತ್ತಿದ್ದರು. ನಾನೂ ಮಾಡುತ್ತಿದ್ದೆ. ಭಾರಕ್ಕೆ ಶುದ್ಧ ತಮಿಳಿನಲ್ಲಿ 'ಎಡೈ' ಎನ್ನುತ್ತಾರೆ, ಆ ಮಾತನ್ನು ತಪ್ಪದೆ ಹೇಳಬೇಕೆಂದು ಅಂದುಕೊಂಡಿದ್ದೆ.

ಒಳಗಿದ್ದ ಅಧಿಕಾರಿಗೆ ನಡುವಯಸ್ಸು, ಕನ್ನಡಕ, ಮುಂದೆ ಫೈಲುಗಳ ರಾಶಿ. ಇವರನ್ನು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂರಲು ಹೇಳಿದರು. ನಾನು ನಿಂತುಕೊಂಡೇ ಮಾತು ಶುರುಮಾಡಿದೆ. ನಮ್ಮ ಕಡೆಯ ಮಾತಿನಲ್ಲಿ ತೂಕ ಅಂದರೇನು, ನಿಮ್ಮ ಕಡೆ ತೂಕ್ಕಂ ಅಂದರೇನು, ಇವರು ಓದಿದ್ದು ಯಾವ ಶಾಲೆಯಲ್ಲಿ, ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಯಾವ ಮಾತು, ಎಲ್ಲವನ್ನೂ ಹೇಳಿದೆ. ಅಂದು ಗಾಡಿಯ ಮೇಲೆ ಹಾಕಬೇಕಾದ್ದಕ್ಕಿಂತ ಹೆಚ್ಚು ಎಡೈ ಇತ್ತು ಸಾರ್, ಎಂದೆ. ನನ್ನ ತಮಿಳು ಅಷ್ಟು ಚೆನ್ನಾಗಿ ಹಿಂದೆಂದೂ ಹರಿದಿರಲಿಲ್ಲ. ನನ್ನ ಗಂಡ ಸ್ಟೇರಿಂಗ್ ಮೇಲೆ ನಿದ್ದೆ ಮಾಡುವವರಲ್ಲ ಸಾರ್, ಅವರ ಕಣ್ಣು ಮುಚ್ಚಿದ್ದನ್ನು ಕಂಡವರು ಯಾರೂ ಇಲ್ಲ, ಎಂದು ಮುಗಿಸಿದೆ.

ಅಧಿಕಾರಿ ಗೋಡೆಯ ಕಡೆಗೆ ಗದ್ದ ಎತ್ತಿ ತೋರಿಸಿದರು.

ತಿರುಗಿ ನೋಡಿದೆ. ನಮ್ಮ ಮನೆಯವರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಕೈಗಳೆರಡನ್ನೂ ಮೊಣಕಾಲ ಮೇಲೆ ಇಟ್ಟುಕೊಂಡು, ಬಾಯಿ ಒಂದಿಷ್ಟು ತೆರೆದು, ನಿದ್ದೆ ಮಾಡುತ್ತಿದ್ದರು. ಇಸ್ತ್ರಿ ಅಂಗಿಯ ಮಡಿಕೆಯೂ ಕೆಟ್ಟಿರಲಿಲ್ಲ.

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಧಿಕಾರಿ ನಗಲಿಲ್ಲ, ಗದರಲಿಲ್ಲ. ಎಬ್ಬಿಸಬೇಡಿ ಎಂದು ಕೈಸನ್ನೆ ಮಾಡಿ, ದನಿ ತಗ್ಗಿಸಿ ಹೇಳಿದರು: "ಅಮ್ಮಾ, ನೀವು ಹೇಳಿದ್ದನ್ನು ನಂಬುತ್ತೇನೆ. ಆದರೆ ಕಲ್ಲು ಇಲ್ಲಿಲ್ಲ, ತೂಗಿ ನೋಡಲು ಆಗುವುದಿಲ್ಲ. ನಿದ್ದೆ ಇಲ್ಲೇ ಇದೆ." ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ. ಭಾರ ಹೆಚ್ಚು ಹಾಕಿಕೊಂಡು ಓಡಿಸಿದರೂ ಡ್ರೈವರ್ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡುತ್ತೇವೆ. ನಿದ್ದೆಗೂ ಇಲ್ಲಿ ಅದೇ ಮೂರು ತಿಂಗಳು. ಈಗ ಹೇಳಿ, ಯಾವುದನ್ನು ಬರೆಯಲಿ? ಎರಡನ್ನೂ ಬರೆಯಲಾ?"

ಎರಡನ್ನೂ ಬರೆದರೆ ಎಲ್ಲಿ ಆರು ತಿಂಗಳಾಗಿಬಿಡುತ್ತದೋ ಎಂದು ಹೆದರಿಕೆಯಾಯಿತು. ಅಷ್ಟು ಹೊತ್ತು ನೀರು ಹರಿದ ಹಾಗೆ ಹರಿದ ತಮಿಳು ಬಾಯಲ್ಲೇ ನಿಂತಿತು. ಬರೆದದ್ದು ಹಾಗೇ ಇರಲಿ ಸಾರ್, ಎಂದೆ. ಓನರ್ ನಮ್ಮ ಮನೆಗೆ ಹಣ್ಣು ತಂದು ಕೇಳಿಕೊಂಡದ್ದನ್ನೇ ನಾನಾಗಿ ಮಾಡಿ ಹೊರಗೆ ಬಂದೆ. ಇವರ ಭುಜ ಅಲುಗಾಡಿಸಿದಾಗ ಕಣ್ಣು ಬಿಟ್ಟು, ಕಾಲು ಚಾಚಿ, ಇಲ್ಲದ ಬ್ರೇಕನ್ನು ಒತ್ತಿದರು.

ಹೊಸೂರಿನ ನಮ್ಮ ಮನೆಗೆ ಬಸ್ಸಿನಲ್ಲಿ ವಾಪಸಾದೆವು. ಇವರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದಿಲ್ಲ, ಡ್ರೈವರ್ ಕಾಣುವ ಹಾಗೆ ಕೂರುತ್ತಾರೆ. ಆ ದಿನ ಕಿಟಕಿ ಪಕ್ಕ ಕೂತರು. ನನಗೆ ಕೋಪ ಇತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಅವರೇ ಮಾತು ತೆಗೆದರು. "ಒಳ್ಗೆ ನನ್ ಪರವಾಗಿ ಅಷ್ಟೆಲ್ಲ ಹೇಳ್ದೆ, ಅಲ್ವಾ?"

"ಕೇಳಿಸ್ಕೊಂಡ್ರಾ?"

"ಮೊದ್ಲು ಒಸಿ ಕೇಳಿಸ್ತು." ಕಿಟಕಿಯ ಕಡೆ ತಿರುಗಿಕೊಂಡರು. "ಒಂದ್ ಮಾತು ಹೇಳ್ತೀನಿ, ಬೈಬೇಡ. ಅವತ್ತು ಟೋಲು ದಾಟಿದ್ದು ಗ್ಯಾಪ್ಕ ಅದೆ. ಆಮೇಕೆ ಕೊತ್ತಂಬ್ರಿ ವಾಸ್ನೆ ಗ್ಯಾಪ್ಕ ಅದೆ. ಮಧ್ಯದ ರೋಡು ಗ್ಯಾಪ್ಕ ಇಲ್ಲ."

ಕೃಷ್ಣಗಿರಿಯ ಟೋಲಿನಿಂದ ಸೂಳಗಿರಿಯವರೆಗೆ ಎಷ್ಟು ಊರುಗಳಿವೆ ಎಂದು ನನಗೆ ಗೊತ್ತು. ಶಾಲೆಯ ಮಕ್ಕಳು ದಾಟುವ ಜಾಗಗಳಿವೆ, ಹಸು ಹೊಡೆದುಕೊಂಡು ಬರುವವರಿದ್ದಾರೆ, ಶಿಫ್ಟು ಮುಗಿಸಿ ಬಸ್ಸಿಗೆ ನಿಲ್ಲುವ ನನ್ನಂಥ ಹೆಂಗಸರಿದ್ದಾರೆ. ಅವರೆಲ್ಲರನ್ನೂ ದಾಟಿಕೊಂಡು ಇವರು ಬಂದಿದ್ದರು, ಒಬ್ಬರೂ ನೆನಪಿಲ್ಲದೆ. ಬ್ರೇಕಿಗೆ ನಿಲ್ಲದಷ್ಟು ಭಾರವೂ ಇತ್ತು, ಬ್ರೇಕು ಒತ್ತುವುದಕ್ಕೆ ತಡವೂ ಆಗಿತ್ತು. ಆ ಎಸ್‌ಐ ಕಿವಿಗೆ ತಪ್ಪಾಗಿ ಕೇಳಿಸಿದ್ದು ನಿಜವೇ ಆಗಿತ್ತು. ಬಸ್ಸಿನಲ್ಲಿ ಎಲ್ಲರ ಎದುರಿಗೆ ಅವರ ಕೈ ಹಿಡಿದುಕೊಂಡೆ. ನಮ್ಮ ಕಡೆ ಹಾಗೆ ಹಿಡಿಯುವ ರೂಢಿ ಇಲ್ಲ, ಅವರಿಗೆ ಮುಜುಗರವಾಯಿತು, ಆದರೂ ಬಿಡಿಸಿಕೊಳ್ಳಲಿಲ್ಲ.

ಲೈಸೆನ್ಸಿಲ್ಲದ ಆ ಮೂರು ತಿಂಗಳು ಅವರು ರಾಯಕೋಟೆಗೆ ಹೋಗಿ ನನ್ನ ತಮ್ಮನ ಜೊತೆ ಟೊಮೇಟೊ ತೋಟದಲ್ಲಿ ಕೆಲಸ ಮಾಡಿದರು, ಬಂದು ಹೋಗಿ ಇರುತ್ತಿದ್ದರು. ಮೊದಮೊದಲು ಹಗಲೂ ಮಲಗಿದರು, ರಾತ್ರಿಯೂ ಮಲಗಿದರು. ಆಮೇಲೆ ಎಲ್ಲರ ಹಾಗೆ ರಾತ್ರಿ ಮಾತ್ರ ಮಲಗಲು ಕಲಿತರು. ಅವರ ಕಣ್ಣಿನ ಬಿಳಿ ಭಾಗ ಬಿಳಿಯಾಗಿಯೇ ಇದೆ ಎಂದು ನನಗೆ ಆಗ ಗೊತ್ತಾಯಿತು. ಅದನ್ನು ಹೇಳಿದರೆ ನಾಚಿಕೊಂಡರು.

ಲೈಸೆನ್ಸು ಕೈಗೆ ಬಂದ ವಾರವೇ ಮತ್ತೆ ಸ್ಟೇರಿಂಗ್ ಹಿಡಿದರು. ಹಳೆಯ ಓನರ್ ಅಷ್ಟರಲ್ಲಿ ಬೇರೆಯವರನ್ನು ಇಟ್ಟುಕೊಂಡಿದ್ದರು. ಈಗಿನವರು ಇನ್ನೊಬ್ಬರು. ಕಲ್ಲಿನ ಬದಲು ಕಬ್ಬಿಣ. ಹಗಲು ತುಂಬಿಸುವುದು, ಇರುಳು ಇಳಿಸುವುದು ಹಾಗೆಯೇ ಇದೆ. ಬೇಡ ಎಂದು ನಾನು ಹೇಳಲಿಲ್ಲ. ಹೇಳಿದರೆ ಉಳಿಯುತ್ತಿದ್ದರೇನೋ, ಉಳಿದರೆ ಬಾಗಿಲಲ್ಲಿ ಕೂತು ಬೀದಿಯ ಗಾಡಿಗಳಿಗೆ "ಬಾ, ಬಾ" ಎನ್ನುತ್ತಿದ್ದರು.

ಆದರೆ ಒಂದು ಕಟ್ಟಳೆ ನಾನೂ ಮಾಡಿದೆ. ಲೋಡ್ ಹತ್ತಿಸಿಕೊಂಡು ಹೊರಡುವ ಮುಂಚೆ ನನಗೆ ಫೋನ್ ಮಾಡಬೇಕು. ನಾನು ಮಿಷನ್ನಿನ ಮುಂದಿದ್ದರೆ ಬಿಡುವಿನಲ್ಲಿ ನಾನೇ ಮಾಡುತ್ತೇನೆ. ಕೇಳುವುದು ಒಂದೇ ಮಾತು: "ತೂಕ ಹೆಂಗದೆ?" ಅದನ್ನು ಕನ್ನಡದಲ್ಲೂ ಕೇಳಿಸಿಕೊಳ್ಳಬಹುದು, ತಮಿಳಿನಲ್ಲೂ ಕೇಳಿಸಿಕೊಳ್ಳಬಹುದು. ಎರಡಕ್ಕೂ ಉತ್ತರ ಬರಬೇಕು. ಮೊದಲೆಲ್ಲ "ಎಲ್ಲಾ ಸರಿಯಾಗದೆ, ಫೋನ್ ಮಡುಗು" ಎನ್ನುತ್ತಿದ್ದರು. ನಮ್ಮ ಕಾರ್ಖಾನೆಯವರು "ಆಮಾ ಸಾರ್" ಎಂದು ಕೂಗುವ ಹಾಗೆಯೇ ಇತ್ತು ಆ ದನಿ. ನಾನು ನಂಬುತ್ತಿರಲಿಲ್ಲ, ಆದರೂ ಕೇಳುವುದನ್ನು ಬಿಡಲಿಲ್ಲ.

ಈಚೆಗೆ ಒಂದು ಮಧ್ಯಾಹ್ನ ಕೇಳಿದಾಗ, "ಎರಡೂ ಸರಿಯಿಲ್ಲ ಕಣೆ. ಗಾಡಿ ಓರಕ್ಕೆ ಹಾಕಿವ್ನಿ. ಒಸಿ ಒರ್ಗಿ ಎದ್ದು ಬತ್ತೀನಿ," ಎಂದರು. ನನ್ನ ಊಟದ ಬಿಡುವು ಮುಗಿದ ಗಂಟೆ ಬಾರಿಸಿತು. ಫೋನನ್ನು ಲಾಕರಿಗೆ ಹಾಕಿ ಎರಡು ಗುಂಡಿಗಳ ಮುಂದೆ ಹೋಗಿ ನಿಂತೆ.

ಅದಾದ ವಾರಕ್ಕೆ ಓನರ್ ಫೋನಿಗೆ ಒಂದು ದಂಡದ ಚಲನ್ ಬಂತು. ಹೆದ್ದಾರಿಯ ಪಕ್ಕ ನಿಲ್ಲಿಸಬಾರದ ಜಾಗದಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ. ನಿಲ್ಲಿಸಬೇಕಾದ ಜಾಗ ಎಲ್ಲಿದೆ ಎಂದು ಅದರಲ್ಲಿ ಹೇಳಿರಲಿಲ್ಲ. ಇದು ನಿನ್ನದು, ನೀನೇ ಕಟ್ಟಿಕೋ ಎಂದು ಅವರು ಇವರಿಗೆ ಕಳಿಸಿದರು. ಇವರು ಫೋನನ್ನು ನನ್ನ ಕೈಗೆ ಕೊಟ್ಟು, ಬೈಗುಳ ಬರುತ್ತದೆಂದು ಕಾಯುತ್ತಾ ನಿಂತರು.

ಚಲನ್ ಜೊತೆಯಲ್ಲಿ ಫೋಟೊ ಇತ್ತು. ಬಿಸಿಲು, ಹುಣಸೆ ಮರ, ಅದರ ಕೆಳಗೆ ಕಬ್ಬಿಣ ಹೊತ್ತು ನಿಂತ ಲಾರಿ. ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು. ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕ್ಯಾಬಿನ್ನಿನ ಕಿಟಕಿಗೆ ಅಡ್ಡವಾಗಿ ಖಾಕಿ ಅಂಗಿ ಇಳಿಬಿಟ್ಟಿತ್ತು, ಅದರ ಕೆಳಗಿನಿಂದ ಎರಡು ಅಂಗಾಲು ಆಚೆ ಚಾಚಿಕೊಂಡಿದ್ದವು. ಎಡಗಾಲಿನ ಹಿಮ್ಮಡಿಯ ಒಡಕು ನನಗೆ ಗೊತ್ತಿರುವುದೇ.

ದಂಡ ನಾನೇ ಕಟ್ಟಿದೆ. ಆ ಫೋಟೊ ನನ್ನ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.